ಓಡಿಸಿದಷ್ಟೂ ಉಳಿತಾಯ

ಲೆಕ್ಕ ಬಲ್ಲವನಿಗೆ ಚಳ್ಳೆಹಣ್ಣು ತಿನ್ನಿಸುವುದು ಕಷ್ಟ ಎಂದು ಜನ ನಂಬಿದ್ದಾರೆ. ಮೊನ್ನೆಮೊನ್ನೆಯವರೆಗೆ ನಾನೂ ನಂಬಿದ್ದೆ. ಶಿವಮೊಗ್ಗದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಹೇಳುವವನು ನಾನು. ವಸ್ತುವಿನ ಬೆಲೆ ಬೇರೆ, ಅದನ್ನು ಸಾಕುವ ಖರ್ಚು ಬೇರೆ ಎಂದು ಹುಡುಗರ ತಲೆಗೆ ತುಂಬುವುದೇ ನನ್ನ ಅನ್ನದ ದಾರಿ. ಈ ಪಾಠ ಕ್ಲಾಸಿನಲ್ಲೇ ನಿಲ್ಲುವುದಿಲ್ಲ ಎನ್ನುವುದು ನನ್ನ ಹೆಂಡತಿ ವಸುಧಾಳ ದೂರು. ಒಮ್ಮೆ ಮಿಕ್ಸಿ ಕೊಳ್ಳಲು ಹೋಗಿ, ಜಾರ್ ಹೋದರೆ ಎಷ್ಟು, ಬ್ಲೇಡ್ ಹೋದರೆ ಎಷ್ಟು, ಹತ್ತು ವರ್ಷದ ಮೇಲೆ ಮಾರಿದರೆ ಏನು ಬರುತ್ತದೆ ಎಂದೆಲ್ಲ ಕೇಳಿದ್ದಕ್ಕೆ ಅಂಗಡಿಯವನು ಕೈಮುಗಿದು, "ಸಾರ್, ನಿಮಗೆ ಒರಳುಕಲ್ಲೇ ಸರಿ" ಎಂದಿದ್ದ. ಅವನ ಮಾತಿನಲ್ಲೂ ತಥ್ಯವಿದೆ ಅಂತ ನಾನು ಮನೆಗೆ ಬಂದು ಯೋಚಿಸಿದ್ದೆ.

ಇಂಥವನ ಮನೆಗೆ ಹೊಸ ಕಾರು ಬೇಕಾಯಿತು. ಹಳೆಯ ಪುಟ್ಟ ಕಾರು ನೆಲಕ್ಕೆ ಅಂಟಿಕೊಂಡಂತಿತ್ತು. ಮಂಡಿನೋವಿನ ವಸುಧಾ ಅದರೊಳಗೆ ಕೂರುವುದು ಒಂದು ಸಾಹಸ, ಏಳುವುದು ಇನ್ನೊಂದು. ಬಸ್ಸಿನ ಮೆಟ್ಟಿಲಂತೂ ಹತ್ತುವಂತಿರಲಿಲ್ಲ. ಅವಳ ಅಕ್ಕ ಲಲಿತಕ್ಕ ಭದ್ರಾವತಿಯಲ್ಲಿ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಮಕ್ಕಳಿಲ್ಲ, ಭಾವನಿಗೆ ಕಿವಿ ಮಂದ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಕ್ಕತಂಗಿಯರು, ಹೋಗಬೇಕು ಅಂತ ಇವಳಿಗೆ ಜೀವ ತುಡಿಯುತ್ತಿತ್ತು. "ಭಾನುವಾರ ಹೋಗಿ ಬರೋಣ್ವೇನ್ರೀ?" ಅಂದರೆ ನಾನು, "ಹೋದ ತಿಂಗಳು ಹೋಗಿದ್ವಲ್ಲ ಕಣೇ, ಸುಮ್ನೆ ಪೆಟ್ರೋಲ್ ದಂಡ. ಫೋನ್ ಮಾಡು" ಅನ್ನುತ್ತಿದ್ದೆ. ಅವಳು ಫೋನ್ ಮಾಡುತ್ತಿದ್ದಳು. ಆಚೆ ಕಡೆಯಿಂದ ಭಾವ, "ಯಾರು? ಗ್ಯಾಸಿನವರಾ?" ಎನ್ನುತ್ತಿದ್ದರು.

ಎತ್ತರದ ಎಸ್‌ಯುವಿ ಅಂತ ಬೇಗ ತೀರ್ಮಾನವಾಯಿತು. ಕರೆಂಟಿನದೋ ಪೆಟ್ರೋಲಿನದೋ ಎಂಬಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಕರೆಂಟಿನದಕ್ಕೆ ಮೊದಲು ಸುರಿಯುವ ದುಡ್ಡು ಜಾಸ್ತಿ, ಆಮೇಲೆ ಓಡಿಸುವ ಖರ್ಚು ಕಮ್ಮಿ. ಪೆಟ್ರೋಲಿನದು ಮೊದಲು ನಗಿಸಿ ಆಮೇಲೆ ಬಂಕಿನಲ್ಲಿ ಅಳಿಸುತ್ತದೆ. ಇನ್ಶೂರೆನ್ಸ್, ಸರ್ವೀಸು, ಟೈರು, ಬ್ಯಾಟರಿಯ ಆಯುಷ್ಯ, ಕೊನೆಗೆ ಮಾರಿದರೆ ಬರುವುದು, ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದೆ. ಪಕ್ಕದ ಮನೆಯ ರುದ್ರಪ್ಪನವರನ್ನೂ ಬಿಡಲಿಲ್ಲ. ಅವರು ಅಡಿಕೆ ಮಂಡಿಯವರು, ದೊಡ್ಡ ಪೆಟ್ರೋಲ್ ಗಾಡಿ ಇಟ್ಟವರು. "ನಿಮ್ಮ ಗಾಡಿ ಸಾಕೋದಕ್ಕೆ ವರ್ಷಕ್ಕೆ ಎಷ್ಟಾಗುತ್ತೆ?" ಎಂದೆ. "ಅಯ್ಯೋ ಮೇಷ್ಟ್ರೇ, ಹೆಂಡ್ತಿ ಮಕ್ಕಳದ್ದು, ಗಾಡೀದು ಲೆಕ್ಕ ಇಡಬಾರದು, ಎದೆ ಒಡೆದು ಹೋಗುತ್ತೆ. ಆದ್ರೆ ಕರೆಂಟ್ ಗಾಡಿ ಮಾತ್ರ ಬೇಡ ಮಾರಾಯ್ರೇ, ಕುಂಸಿ ದಾಟೋ ಹೊತ್ತಿಗೆ ಇಳಿದು ನೂಕ್ಬೇಕಾಗುತ್ತೆ!" ಎಂದರು.

ಎಲ್ಲ ಅಂಕಿಗಳೂ ಬಂದವು, ಒಂದೇ ಒಂದು ಖಾಲಿ ಉಳಿಯಿತು: ವರ್ಷಕ್ಕೆ ನಾವು ಎಷ್ಟು ಕಿಲೋಮೀಟರ್ ಓಡುತ್ತೇವೆ? ಹಳೆಯ ಕಾರಿನ ಮೀಟರು ಯಾವತ್ತೋ ಕೆಟ್ಟು ನಿಂತಿತ್ತು. ರಿಪೇರಿ ದಂಡವೆಂದು ಬಿಟ್ಟಿದ್ದವನು ನಾನೇ. ಹಾಲು, ಸಿಲಿಂಡರು, ಪೇಪರಿನ ಲೆಕ್ಕದಲ್ಲಿ ಎಂದೂ ತಪ್ಪದ ವಸುಧಾಳನ್ನು ಕೇಳಿದೆ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ, ತಲೆಯೆತ್ತದೆ ಒಂದು ಸಂಖ್ಯೆ ಹೇಳಿದಳು. "ಅಷ್ಟೊಂದಾ?" ಎಂದೆ. "ನಿಮಗೆ ಗೊತ್ತಾಗಲ್ಲ, ಅಲ್ಲಿ ಇಲ್ಲಿ ಅಂತ ಸೇರುತ್ತೆ" ಎಂದಳು. ಅದನ್ನು ತುಂಬಿದೆ. ಕರೆಂಟಿನ ಗಾಡಿ ಗೆದ್ದಿತು.

ಗಾಡಿ ಬಂತು. ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ವಸುಧಾ ಕುರ್ಚಿಯಲ್ಲಿ ಕೂತಷ್ಟೇ ಸಲೀಸಾಗಿ ಸೀಟಿನಲ್ಲಿ ಕೂತಳು. ಆದರೆ ಕೆಲವು ತಿಂಗಳು ಕಳೆದ ಮೇಲೆ ಮೀಟರು ನೋಡಿದವನು ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ನಾವು ಅವಳು ಹೇಳಿದ್ದರ ಹತ್ತಿರಕ್ಕೂ ಬಂದಿರಲಿಲ್ಲ. ಹೀಗೇ ಆದರೆ ಪೆಟ್ರೋಲ್ ಗಾಡಿಯೇ ಅಗ್ಗವಾಗುತ್ತಿತ್ತಲ್ಲ! ರುದ್ರಪ್ಪನವರಿಗೆ ಯಾವ ಮುಖ ತೋರಿಸಲಿ? ಉಳಿದದ್ದು ಒಂದೇ ದಾರಿ, ಓಡಿಸುವುದು.

ಅಂದಿನಿಂದ ಊರಿಗೆಲ್ಲ ನಾನು ಉಪಕಾರಿಯಾದೆ. "ನಡಿಯೇ, ಲಲಿತಕ್ಕನ್ನ ನೋಡ್ಕೊಂಡು ಬರೋಣ" ಎಂದು ಪ್ರತಿ ಭಾನುವಾರ ನಾನೇ ಅವಸರಿಸತೊಡಗಿದೆ. ಬೀದಿಯ ಕೊನೆಯ ಮನೆಯವರಿಗೆ ಕುಂಸಿಯಲ್ಲಿ ಸೀಮಂತ ಎಂದರೆ "ನಾನ್ ಬಿಟ್ಟು ಬರ್ತೀನಿ" ಎಂದೆ. ಸಕ್ರೆಬೈಲಿಗೆ ನಾಲ್ಕಾರು ಸಲ ಹೋಗಿ ಆನೆಗಳ ಸ್ನಾನ ನೋಡಿದೆವು. ಇನ್ನೊಂದು ಸಲ ಹೋಗಿದ್ದರೆ ಆನೆಯ ಬೆನ್ನುಜ್ಜಲು ಮಾವುತರು ನನ್ನನ್ನೇ ಕರೆಯುತ್ತಿದ್ದರೋ ಏನೋ. ತಮ್ಮ ಗಾಡಿಗೆ ಹೊದಿಕೆ ಹೊದಿಸಿ ರುದ್ರಪ್ಪನವರೂ ನಮ್ಮ ಗಾಡಿ ಹತ್ತಿದರು. ಕುಂಸಿ ದಾಟಿದ ಮೇಲೂ ಯಾರೂ ನೂಕಬೇಕಾಗಲಿಲ್ಲ. "ಮೇಷ್ಟ್ರೇ, ಎಷ್ಟು ಬದಲಾಗ್ಬಿಟ್ರಿ!" ಎಂದರು. ಪ್ರತಿ ಸಲ ಮನೆಗೆ ಬಂದು, ಪೆಟ್ರೋಲಾಗಿದ್ದರೆ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ, ಅಷ್ಟು ಉಳಿಯಿತು ಎಂದು ಹಿಗ್ಗುತ್ತಿದ್ದೆ. ಹೋಗಬೇಕಿಲ್ಲದ ಊರಿಗೆ ಹೋದರೆ ಉಳಿತಾಯವೆಲ್ಲಿ ಬಂತು? ಆಷಾಢದ ರಿಯಾಯಿತಿಯಲ್ಲಿ ಸೀರೆ ತಂದು "ಇಷ್ಟು ಉಳೀತು" ಎಂದ ಹೆಂಡತಿಗೆ ಅರ್ಧ ಗಂಟೆ ಉಪದೇಶ ಮಾಡಿದ್ದವನು ನಾನೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಒಂದು ಭಾನುವಾರ ಭದ್ರಾವತಿಯಲ್ಲಿ ಗಾಡಿ ನಿಲ್ಲಿಸಿದರೆ, ಲಲಿತಕ್ಕ ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ! ಬಿದ್ದ ಮೇಲೆ ಅವರು ಹೊಸ್ತಿಲವರೆಗೆ ಬಂದದ್ದನ್ನು ನಾವು ನೋಡಿರಲೇ ಇಲ್ಲ. ವಸುಧಾ "ಅಕ್ಕಾ!" ಎಂದು ಮಂಡಿನೋವು ಮರೆತು ಓಡಿದಳು. ಲಲಿತಕ್ಕ ನನ್ನ ಕೈ ಹಿಡಿದುಕೊಂಡು, "ನಿಮ್ಮ ಗಾಡಿ ಸದ್ದೇ ಮಾಡಲ್ವಲ್ಲಪ್ಪ, ಬಂದಿದ್ದು ಗೊತ್ತಾಗಲ್ಲ. ಅದಕ್ಕೇ ಭಾನುವಾರ ಆಯ್ತು ಅಂದ್ರೆ ಬಾಗಿಲು ಕಾಯೋಣ ಅಂತ ಏಳ್ತೀನಿ, ವಾರಕ್ಕೆ ನಾಲ್ಕು ಹೆಜ್ಜೆ ಮುಂದೆ, ಇವತ್ತು ಬಾಗಿಲು ಸಿಕ್ತು. ಹಾಗೇ ನಡೆಯೋದು ಅಭ್ಯಾಸ ಆಯ್ತು ನೋಡಿ. ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದರು. ನಾನು ಕಿಲೋಮೀಟರಿಗಾಗಿ ಬಂದವನು ಎಂದು ಹೇಗೆ ಹೇಳಲಿ?

ವಾಪಸ್ಸು ಬರುವಾಗ ಮಲವಗೊಪ್ಪದ ಹತ್ತಿರ ಮೀಟರು ಕಣ್ಣಿಗೆ ಬಿತ್ತು. "ಅಲ್ವೇ, ಅವತ್ತು ಅಷ್ಟು ದೊಡ್ಡ ಅಂಕಿ ಹೇಳಿದ್ಯಲ್ಲ, ನಾವು ಯಾವಾಗ ಅಷ್ಟು ಓಡಾಡಿದ್ವಿ?" ಎಂದೆ.

"ಓಡಾಡಿರ್ಲಿಲ್ಲ" ಎಂದಳು ವಸುಧಾ, ಕಿಟಕಿಯಾಚೆ ನೋಡುತ್ತಾ. "ಅದು ನನಗೆ ಹೋಗ್ಬೇಕು ಅನ್ನಿಸಿದಾಗೆಲ್ಲ ಹೋಗಿದ್ರೆ ಎಷ್ಟಾಗ್ತಿತ್ತು ಅಂತ ಹಾಕಿದ ಲೆಕ್ಕ."

ಇಷ್ಟು ವರ್ಷ ಕೂಡಿ ಕಳೆದವನಿಗೆ ಆ ಅಂಕಿ ಮಾತ್ರ ಕಂಡಿರಲಿಲ್ಲ. ಅವಳು ಸುಳ್ಳು ಹೇಳಿ ನನ್ನಿಂದ ಒಳ್ಳೆಯ ಕೆಲಸ ಮಾಡಿಸಿದಳು, ಲಲಿತಕ್ಕನನ್ನು ನಡೆಸಿದಳು. ಅವಳ ಋಣ ಯಾವ ಲೆಕ್ಕಕ್ಕೂ ಸಿಗುವಂಥದ್ದಲ್ಲ. ಮನೆ ಮುಟ್ಟುವವರೆಗೂ ಅವಳ ಕೈಮೇಲೆ ಕೈಯಿಟ್ಟುಕೊಂಡೇ ಓಡಿಸಿದೆ. ಗೇರಿಲ್ಲದ ಗಾಡಿಯ ಈ ಲಾಭವನ್ನು ಕಂಪ್ಯೂಟರಿಗೆ ತುಂಬಿರಲಿಲ್ಲ.

ಈಗ ಮನೆಯ ಮೇಲೆ ಸೋಲಾರ್ ಹಾಕಿಸುವ ಯೋಚನೆಯಲ್ಲಿದ್ದೇನೆ. ನಿನ್ನೆ ಲೆಕ್ಕಕ್ಕೆ ಕೂತೆ. ವಸುಧಾ ಕೊತ್ತಂಬರಿ ಸೊಪ್ಪು ಹಿಡಿದು ಪಕ್ಕದಲ್ಲಿ ಬಂದು ಕೂತಳು. "ನೀವು ಲೆಕ್ಕ ಹಾಕ್ರಿ" ಎಂದಳು, "ಅಂಕಿ ನಾನು ಹೇಳ್ತೀನಿ."