ರಾಗಿ ಹೊತ್ತು ಈರುಳ್ಳಿ ಹೊಲಕ್ಕೆ

ಸರ್ಕಾರದ ಆನ್‌ಲೈನ್ ಕೆಲಸವೆಂದರೆ ನನಗೆ ಒಂಥರಾ ಚಪಲ. ಬೇಜಾರಾದಾಗ ಬೇರೆ ಹೆಂಗಸರು ಫೋನಿನಲ್ಲಿ ಸೀರೆ ನೋಡುತ್ತಾರೆ, ಅಡುಗೆ ನೋಡುತ್ತಾರೆ. ನಾನು ಪಹಣಿ ನೋಡುತ್ತೇನೆ. ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನಾನು, ನಮ್ಮ ಸ್ಟಾಫ್ ರೂಮಿನಲ್ಲಿ ಆದಾಯ ಪತ್ರಕ್ಕೂ ಮನೆ ಕಂದಾಯಕ್ಕೂ ನೀರಿನ ಬಿಲ್ಲಿಗೂ ಎಲ್ಲರಿಗೂ ಗತಿ. ‘ಮೇಡಂ, ಓಟಿಪಿ ಬರ್ತಾ ಇಲ್ಲ ಕಣ್ರೀ’ ಎಂದು ಯಾರಾದರೂ ಬಂದರೆ, ಡಾಕ್ಟರರ ಹಾಗೆ ಕನ್ನಡಕ ಏರಿಸಿಕೊಂಡು ‘ಎಲ್ಲಿ, ಕೊಡಿ ನೋಡೋಣ’ ಎನ್ನುತ್ತೇನೆ. ಬಹಳ ಸಲ ಅದು ತಾನಾಗಿಯೇ ಬರುತ್ತದೆ, ಹೆಸರು ಮಾತ್ರ ನನಗೆ ಬರುತ್ತದೆ. ಪಟ್ಟಣ ಪಂಚಾಯಿತಿಯ ಮುಂದೆ ಸಾಲಿನಲ್ಲಿ ನಿಂತವರನ್ನು ಕಂಡರೆ ನನಗೆ ಅಯ್ಯೋ ಪಾಪ ಎನ್ನಿಸುತ್ತಿತ್ತು. ಮನುಷ್ಯರ ಮುಖ ನೋಡದೆ, ಯಾರ ಹಂಗೂ ಇಲ್ಲದೆ, ಮಂಚದ ಮೇಲೆ ಕೂತೇ ಸರ್ಕಾರದಿಂದ ಕೆಲಸ ಮಾಡಿಸಿಕೊಳ್ಳಬಹುದು ಎಂದು ಗೊತ್ತಿಲ್ಲವಲ್ಲ ಇವರಿಗೆ ಎಂದುಕೊಳ್ಳುತ್ತಿದ್ದೆ.

ಈ ಜಂಬಕ್ಕೆ ಪೆಟ್ಟು ಬಿದ್ದದ್ದು ಬೆಳೆ ಸಮೀಕ್ಷೆಯಿಂದ. ಶಿವನಿಯ ಹತ್ತಿರ ಅಪ್ಪ ನನ್ನ ಹೆಸರಿಗೆ ಬರೆದುಕೊಟ್ಟ ಒಂದು ತುಂಡು ಹೊಲವಿದೆ. ಆಳು ಹಿಡಿದು ರಾಗಿ ಬೆಳೆಸುತ್ತೇವೆ. ಈಗ ರೈತರೇ ತಮ್ಮ ಹೊಲದಲ್ಲಿ ನಿಂತು, ಆ್ಯಪ್ ತೆರೆದು, ಬೆಳೆಯ ಫೋಟೋ ತೆಗೆದು ಕಳಿಸಬೇಕು. ಕಳಿಸಿದರೆ ಪಹಣಿಯಲ್ಲಿ ರಾಗಿ ಎಂದು ಬರುತ್ತದೆ. ಪಹಣಿಯಲ್ಲಿ ಬಂದರೆ ಮಾತ್ರ ಖರೀದಿ ಕೇಂದ್ರದವರು ಬೆಂಬಲ ಬೆಲೆಗೆ ಚೀಲ ಇಳಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಎಷ್ಟೇ ಹುಲುಸಾಗಿ ಬೆಳೆದಿದ್ದರೂ ಅದು ರಾಗಿಯಲ್ಲ, ಬರೀ ವದಂತಿ. ಫೋಟೋ ಕಳಿಸಲು ಕೊನೆಯ ದಿನ ಶಾಲೆಗೆ ರಜೆ ಹಾಕಿ, ಸ್ಕೂಟರ್ ಹತ್ತಿ ಹೊಲಕ್ಕೆ ಹೋದೆ.

ನನ್ನ ರಾಗಿಯ ನಟ್ಟನಡುವೆ ನಿಂತು ಆ್ಯಪ್ ತೆರೆದರೆ, ‘ನೀವು ನಿಮ್ಮ ಜಮೀನಿನ ಹೊರಗಿದ್ದೀರಿ’ ಎಂದಿತು. ವರ್ಷವರ್ಷವೂ ಮಕ್ಕಳಿಗೆ ಅಕ್ಷಾಂಶ ರೇಖಾಂಶ ಕಲಿಸುವವಳಿಗೆ ಈ ಮಾತೇ? ಫೋನನ್ನು ಆಕಾಶಕ್ಕೆ ಹಿಡಿದೆ, ಆಫ್ ಮಾಡಿ ಆನ್ ಮಾಡಿದೆ, ಸೆರಗಿನಿಂದ ಒರೆಸಿದೆ. ಹೊರಗಿದ್ದೀರಿ ಎಂದರೆ ಹೊರಗಿದ್ದೀರಿ. ಕೊನೆಗೆ ಅದು ನಕ್ಷೆಯಲ್ಲಿ ತೋರಿಸಿದ ದಿಕ್ಕಿಗೇ ನಡೆದೆ. ಬದು ದಾಟಿ ಪಕ್ಕದ ಈರುಳ್ಳಿ ಹೊಲದೊಳಕ್ಕೆ ಕಾಲಿಟ್ಟ ಕೂಡಲೇ ಫೋನಿಗೆ ಸಮಾಧಾನವಾಯಿತು. ಈಗ ಫೋಟೋ ತೆಗೆಯಬಹುದು ಎಂದಿತು. ಆ ಹೊಲ ಬಸಪ್ಪ ಮಾವನದು.

ಬಸಪ್ಪ ಮಾವ ನಮ್ಮ ಅಪ್ಪನ ಜೊತೆಗಾರರು. ಸಂಬಂಧಿಕರೇನಲ್ಲ, ಊರಿನ ವರಸೆಯಲ್ಲಿ ಮಾವ. ನಾನು ಚಿಕ್ಕವಳಿದ್ದಾಗ ಹಸಿಕಡಲೆ ಗಿಡ ಕಿತ್ತು ನನ್ನ ಲಂಗದ ಮಡಿಲು ತುಂಬಿಸುತ್ತಿದ್ದರು. ಅಪ್ಪ ಹೋದಮೇಲೆ ಒಂದು ವರ್ಷ ಟ್ರ್ಯಾಕ್ಟರಿನವನು ನಮ್ಮಿಬ್ಬರ ನಡುವಿನ ಬದುವನ್ನು ಅರ್ಧ ಸವರಿಬಿಟ್ಟ. ಅವರು ಒತ್ತರಿಸಿದರು ಎಂದು ನಾನು, ನಾನು ಒತ್ತರಿಸಿದೆ ಎಂದು ಅವರು. ಅಂದಿನಿಂದ ಮಾತು ಬಿಟ್ಟಿದ್ದೇವೆ. ನಮ್ಮ ಕಡೆ ಮಾತು ಬಿಡುವುದೆಂದರೆ ಸುಮ್ಮನಿರುವುದು ಎಂದು ಯಾರೂ ತಿಳಿಯಬಾರದು. ಹೇಳಬೇಕಾದ್ದನ್ನೆಲ್ಲ ಹೇಳಲೇಬೇಕು, ಆದರೆ ಮೂರನೆಯವರಿಗೆ ಹೇಳಬೇಕು. ಜನ ಸಿಗದಿದ್ದರೆ ದನವಾದರೂ ಆದೀತು.

ಬಸಪ್ಪ ಮಾವ ಬದುವಿನ ಮೇಲೆ ಎತ್ತು ಮೇಯಿಸುತ್ತಿದ್ದರು. ನನ್ನನ್ನು ನೋಡಿ ಅದರ ಬೆನ್ನು ತಟ್ಟಿದರು. ‘ನೋಡ್ದೇನೋ ರಾಮಾ, ಓದಿರೋರಿಗೆ ಬದು ಸಾಲ್ಲಿಲ್ಲ ಅಂತ ಹೊಲಕ್ಕೇ ಇಳಿದವ್ರೆ.’

ನನ್ನ ಹತ್ತಿರ ಎತ್ತಿರಲಿಲ್ಲ. ಫೋನನ್ನೇ ಕಿವಿಗೆ ಹಿಡಿದು, ಯಾರೂ ಇಲ್ಲದ ಆ ಕಡೆಗೆ ಹೇಳಿದೆ: ‘ಹಲೋ, ಹೂಂ ಕಣ್ರೀ, ನಾನೇನು ಈರುಳ್ಳಿ ಕದಿಯೋಕೆ ಬಂದಿಲ್ಲ. ಸರ್ಕಾರದ ನಕ್ಷೇಲಿ ನನ್ನ ಹೊಲ ಇಲ್ಲಿಗೆ ಬಂದ್ಬಿಟ್ಟಿದೆ. ಫೋಟೋ ಹೊಡೆದು ಹೋಗ್ತೀನಿ ಅಷ್ಟೇ.’

ಮಾವನ ದನಿ ಮೆತ್ತಗಾಯಿತು. ‘ಹಂಗಾರೆ ನಮ್ಮ ಹೊಲ ಎಲ್ಲಿಗೋಯ್ತು ಅಂತ ಕೇಳೋ ರಾಮಾ. ಬೆಳಗ್ಗಿಂದ ನಮ್ ಫೋನೂ ಹೊರಗಿದ್ದೀರಿ, ಹೊರಗಿದ್ದೀರಿ ಅಂತೈತೆ. ಮಳೆ ಹಿಡ್ದು ಈರುಳ್ಳಿ ಕೊಳೆತ್ರೆ ವಿಮೆಯೋರು ಕೇಳಲ್ವಾ, ಎಲ್ಲೈತಪ್ಪಾ ನಿನ್ನ ಈರುಳ್ಳಿ ಅಂತ?’

ವಿಷಯ ಆಗ ಹೊಳೆಯಿತು. ಯಾವ ಕಾಲದಲ್ಲಿ ಯಾರ ಕೈ ತಪ್ಪಿತ್ತೋ, ನಕ್ಷೆಯಲ್ಲಿ ನಮ್ಮಿಬ್ಬರ ಹೊಲಗಳು ಅದಲುಬದಲಾಗಿದ್ದವು. ನಾನು ಅವರ ಹೊಲದಲ್ಲಿ ನಿಂತರೆ ಫೋಟೋ ಬರುತ್ತದೆ, ಆದರೆ ಈರುಳ್ಳಿಯ ಫೋಟೋ ಬರುತ್ತದೆ. ಈರುಳ್ಳಿ ಎಂದು ಬಂದರೆ ನನ್ನ ರಾಗಿಯನ್ನು ಮಾರುವುದೆಲ್ಲಿ? ದಿನವೋ ಮುಗಿಯುತ್ತಿತ್ತು. ಬೇರೆ ದಾರಿ ಕಾಣದೆ, ಬದು ದಾಟಿ ಹೋಗಿ ಒಂದು ತೆಕ್ಕೆ ರಾಗಿ ಪೈರು ಕಿತ್ತು ತಂದು ಈರುಳ್ಳಿ ಸಾಲಿನ ನಡುವೆ ನೆಡಲು ಕೂತೆ. ನೆಟ್ಟಿದ್ದೆಲ್ಲ ಒಂದು ಕಡೆಗೆ ವಾಲಿತು.

‘ರಾಮಾ, ಬುಡಕ್ಕೆ ಮಣ್ಣು ಒತ್ತಬೇಕು ಅನ್ನೋ. ಬಾಡಿದ ಪೈರು ನೋಡಿ ಬರಗಾಲ ಅಂತ ಬರ್ಕೊಂಡಾರು’ ಎನ್ನುತ್ತಾ ಮಾವ ತಾವೇ ಬಂದು ಕುಕ್ಕರುಗಾಲಲ್ಲಿ ಕೂತು, ಫೋಟೋದಲ್ಲಿ ಕೈ ಕಾಣದ ಹಾಗೆ ಪೈರನ್ನು ನೆಟ್ಟಗೆ ಹಿಡಿದರು. ಹತ್ತಿರದಿಂದ ಒಂದು ಫೋಟೋ ಹೊಡೆದೆ. ಹೋಯಿತು. ಹಿಂದೆಯೇ ರಾಮ ಬಂದು ಸಾಕ್ಷಿಯನ್ನೆಲ್ಲ ಮೇದ. ಆಮೇಲೆ ಅವರ ಸರದಿ. ಒಂದಷ್ಟು ಈರುಳ್ಳಿ ಕಿತ್ತು ನನ್ನ ಹೊಲದಲ್ಲಿ ನೆಟ್ಟೆವು. ಅಡ್ಡ ಬರುವ ರಾಗಿಯನ್ನು ನಾನು ಎರಡೂ ತೋಳಲ್ಲಿ ತಬ್ಬಿ ಹಿಡಿದೆ. ಮಾವನಿಗೆ ತಮ್ಮ ಫೋನಿನಲ್ಲಿ ಎಲ್ಲಿ ಒತ್ತಬೇಕೋ ತಿಳಿಯದು. ತೋರಿಸೋಣವೆಂದರೆ ನನ್ನ ಕೈ ಖಾಲಿಯಿಲ್ಲ, ಹೇಳೋಣವೆಂದರೆ ನನ್ನ ಫೋನೂ ಸೊಂಟದಲ್ಲಿದೆ. ರಾಗಿಗೇ ಹೇಳಿದೆ, ‘ಕೆಳಗಡೆ ದುಂಡಗಿರೋದನ್ನ ಒತ್ತಬೇಕಂತೆ.’ ಒತ್ತಿದರು.

ಹೊರಡುವಾಗ ಮಾವ ಆ ಈರುಳ್ಳಿಯನ್ನು ನನ್ನ ಸ್ಕೂಟರಿನ ಮೇಲಿಟ್ಟರು. ‘ಕಿತ್ತಿದ್ದು ಮತ್ತೆ ಹತ್ತಲ್ಲ ಕಣೋ ರಾಮಾ. ತಗಂಡೋಗಿ ಹುಳಿಗೆ ಹಾಕ್ಕೊಳ್ಳಲಿ.’ ಇಷ್ಟು ವರ್ಷ ಈ ಮನುಷ್ಯರನ್ನು ಬಿಟ್ಟು ಹೇಗಿದ್ದೆ ಎಂದು ದುಃಖವಾಯಿತು. ‘ಆಗಲಿ ಮಾವ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಫೋನು ತೆಗೆದು ‘ಆಗ್ಲಿ’ ಎಂದೆ.

ನಕ್ಷೆ ಸರಿಪಡಿಸುವುದು ಹೇಗೆಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದೆ. ಅದೇನು ಮಹಾ, ಇಬ್ಬರೂ ಒಟ್ಟಿಗೆ ಬಂದು, ನಮ್ಮ ನಡುವೆ ಯಾವ ತಕರಾರೂ ಇಲ್ಲ ಎಂದು ಬರೆದು ಸಹಿ ಹಾಕಿದರೆ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದರು. ಮರುವರ್ಷ ಸಮೀಕ್ಷೆಗೆ ಹೋದಾಗ ಇದನ್ನು ಬದುವಿನ ಹತ್ತಿರ ನಿಂತು ಫೋನಿಗೆ ವಿವರವಾಗಿ ತಿಳಿಸಿದೆ. ಮಾವ ತಲೆ ಕೆರೆದುಕೊಂಡರು.

‘ತಕರಾರು ಇಲ್ಲ ಅಂತ ಹೆಂಗ್ ಬರೆಯೋದೋ ರಾಮಾ? ಬದುವಿನ ಜಗಳ ಇನ್ನೂ ಹಂಗೇ ಐತಲ್ಲ. ಗೌರ್ಮೆಂಟಿಗೆ ಸುಳ್ಳು ಹೇಳೋಕಾಯ್ತದಾ?’

ನನಗೂ ಅದೇ ನ್ಯಾಯವೆನಿಸಿತು. ಎಷ್ಟೆಂದರೂ ಮಕ್ಕಳಿಗೆ ಪೌರನೀತಿ ಹೇಳಿಕೊಡುವವಳು ನಾನು. ‘ಹಾಗೆಲ್ಲ ಸುಳ್ಳಿಗೆ ಸಹಿ ಹಾಕೋಕಾಗಲ್ಲ’ ಎಂದು ಫೋನಿಗೆ ಕಡ್ಡಿ ಮುರಿದ ಹಾಗೆ ಹೇಳಿ, ಒಂದು ತೆಕ್ಕೆ ರಾಗಿ ಕಿತ್ತುಕೊಂಡು ಬದು ದಾಟಿದೆ.