ಪಾಲವ್ವನ ತವರು

ಥಾಯ್ಲೆಂಡಿನಲ್ಲಿ ಪ್ರೇಮದ ಧಾರಾವಾಹಿ ಬರೆಯುವವರ ಮೇಲೆ ಕೊಟ್ಟೂರಿನ ಶಿವಲೀಲಾಗೆ ಒಂದು ದೊಡ್ಡ ತಕರಾರಿತ್ತು. ಅವರ ಕಥೆಗಳಲ್ಲಿ ನಾಯಕಿಗೆ ತವರುಮನೆಯೇ ಇರುವುದಿಲ್ಲ. ನಾಯಕನಿಗೆ ಗಾಜಿನ ಆಫೀಸು, ಈಜುಕೊಳ, ಸಾಲುಗಟ್ಟಿ ನಿಂತ ಕಾರು, ಮುತ್ತಿನ ಸರದ ತಾಯಿ ಎಲ್ಲವೂ ಇರುತ್ತವೆ. ನಾಯಕಿಯ ಪಾಲಿಗೆ ಒಂದು ಬಾಡಿಗೆ ರೂಮು, ಒಬ್ಬಳು ಬಾಯಿಬಡುಕಿ ಗೆಳತಿ, ಗೋಡೆಯ ಮೇಲೆ ಸತ್ತ ತಾಯಿಯದೊಂದು ಫೋಟೋ. "ಮುನಿಸಿಕೊಂಡು ಹೋಗಲು ಒಂದು ಮನೆ ಇಲ್ಲದವಳಿಗೆ ಪ್ರೀತಿ ಮಾಡಲು ಧೈರ್ಯವಾದರೂ ಎಲ್ಲಿಂದ ಬರಬೇಕು?" ಎಂದು ಅವಳು ಫೋನಿನಲ್ಲಿರುವ ಅಭಿಮಾನಿಗಳ ಗುಂಪಿಗೆ ಬರೆದು ಹಾಕಿದ್ದಳು. ಅದಕ್ಕೆ ಮನಿಲಾದ ಒಬ್ಬಾಕೆ ಅಳುವ ಮುಖವನ್ನೂ, ಮೈಸೂರಿನ ಒಬ್ಬಳು ನಗುವ ಮುಖವನ್ನೂ ಕಳಿಸಿದರು. ಚರ್ಚೆ ಅಲ್ಲಿಗೆ ಮುಗಿಯಿತು.

ಬೇರೆ ಅಭಿಪ್ರಾಯಗಳಿಗೂ ಬರವಿರಲಿಲ್ಲ. ಮೊದಲ ನಾಲ್ಕು ಕಂತು ನಾಯಕ ಹರಳೆಣ್ಣೆ ಕುಡಿದವನ ಮುಖ ಹೊತ್ತು ತಿರುಗುವುದು ಅವಳಿಗೆ ಸೇರುತ್ತಿರಲಿಲ್ಲ. ನಾಯಕಿ ಸಪಾಟು ನೆಲದ ಮೇಲೆ ಎಡವಿ ಅವನ ತೋಳಿಗೇ ಬೀಳುವುದಂತೂ ಅತಿಯಾಯಿತು. (ಅಷ್ಟು ಸಲ ಬೀಳುವವಳಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು.) ಬಿಕ್ಕಿ ಬಿಕ್ಕಿ ಅಳುವ ನಡುವೆ ಅವಳು ಯಾವುದೋ ಕ್ರೀಮಿನ ಡಬ್ಬಿ ತೆಗೆದು, ಹೆಸರು ಕಾಣುವಂತೆ ಹಿಡಿದು ಕೆನ್ನೆಗೆ ಸವರಿಕೊಂಡು, ಮತ್ತೆ ಅಳು ಮುಂದುವರಿಸುತ್ತಿದ್ದಳು. ಇಷ್ಟೆಲ್ಲ ಬೈದರೂ ಶನಿವಾರ ಮಧ್ಯಾಹ್ನ ಗಂಡ ಜಂಬುನಾಥ ಬಸ್ ಸ್ಟ್ಯಾಂಡಿನ ತನ್ನ ಮಂಡಕ್ಕಿ-ಮಿರ್ಚಿ ಅಂಗಡಿಗೆ ಹೋದ ಮೇಲೆ, ಶಿವಲೀಲಾ ಫೋನನ್ನು ಟೀವಿಗೆ ಜೋಡಿಸಿ ಕೂತರೆ ಬಾಗಿಲಿಗೆ ಯಾರು ಬಂದರೂ ಎದ್ದವಳಲ್ಲ.

ಆ ಟೀವಿಯ ಮುಂದೆ ಅತ್ತೆ ತಿಪ್ಪೇರುದ್ರಮ್ಮನೂ ಬಂದು ಕೂತದ್ದು ಈ ಸಲದ ಧಾರಾವಾಹಿಯಿಂದ. ನಾಯಕಿಯ ಹೆಸರು ಪ್ಲೋಯ್. ಅದು ಮುದುಕಿಯ ಬಾಯಲ್ಲಿ ತಿರುಗದೆ ಪಾಲವ್ವ ಆಯಿತು. ಪಾಲವ್ವ ಹಿರಿಯರನ್ನು ಕಂಡ ಕೂಡಲೇ ಕೈ ಮುಗಿದು ಬಾಗುವುದು ಅತ್ತೆಗೆ ಬಹಳ ಹಿಡಿಸಿತು. ನಾಯಕನ ಮನೆಯಂಗಳದಲ್ಲಿ ಕಂಬದ ಮೇಲೊಂದು ಪುಟ್ಟ ಗುಡಿ, ಅದರ ಮುಂದೆ ಕೆಂಪು ಸೋಡಾ ಬಾಟಲಿಗೆ ಸ್ಟ್ರಾ ಹಾಕಿಟ್ಟ ನೈವೇದ್ಯ.

"ದೇವ್ರಿಗೆ ಸ್ಟ್ರಾ ಹಾಕಿ ಕೊಡ್ತಾರ ನೋಡ್ಲೇ! ಎಂಥ ಭಕ್ತಿ! ನಾವು ಕಾಯಿ ಒಡದು ಹಂಗ ಬಿಟ್ಟು ಬರ್ತೀವಿ, ಆತ ಹೆಂಗ ಕುಡೀಬೇಕು?" ಎಂದು ಆಕೆ ಕೆನ್ನೆ ಬಡಿದುಕೊಂಡಳು.

ಮಾತು ಥಾಯ್, ಕೆಳಗೆ ಬರುವ ಅಕ್ಷರ ಇಂಗ್ಲಿಷು. ಹಡಗಲಿ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಶಿವಲೀಲಾ ಅದನ್ನು ಓದಿ ಓದಿ ಕನ್ನಡದಲ್ಲಿ ಹೇಳಬೇಕು. ಹೀಗೆ ಆ ಮನೆಯಲ್ಲಿ ಒಂದು ಭಾಷಾಂತರ ಇಲಾಖೆ ಸ್ಥಾಪನೆಯಾಯಿತು. ಸಂಬಳವಿಲ್ಲ, ರಜೆಯಿಲ್ಲ, ಮೇಲಧಿಕಾರಿ ಅತ್ತೆ.

ಆದರೆ ಆ ದಿನಗಳಲ್ಲಿ ಶಿವಲೀಲಾಳ ಮನಸ್ಸು ಕೊಟ್ಟೂರಲ್ಲೂ ಇರಲಿಲ್ಲ, ಬ್ಯಾಂಕಾಕಿನಲ್ಲೂ ಇರಲಿಲ್ಲ. ಅದು ಹಿರೇಹಡಗಲಿಯಲ್ಲಿತ್ತು. ಅಲ್ಲಿ ಅವಳ ತಾಯಿಗೆ ಮರೆವಿನ ರೋಗ ಹತ್ತಿತ್ತು. ಮೊದಲು ಉಪ್ಪಿನ ಡಬ್ಬಿ ಮರೆತಳು, ಆಮೇಲೆ ಓಣಿ ಮರೆತಳು, ಈಗ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಮರೆಯುತ್ತಿದ್ದಳು. ಕಳೆದ ಸಲ ಫೋನ್ ಮಾಡಿದಾಗ ತುಸು ತಡೆದು, "ಶಿವಲೀಲಾ ಅಂದ್ರ... ನಮ್ಮ ಸಣ್ಣಾಕೀನಾ?" ಎಂದು ಕೇಳಿದ್ದಳು. ಪೂರ್ತಿ ಮರೆಯುವುದರೊಳಗೆ ಒಮ್ಮೆ ಎದುರಿಗೆ ಹೋಗಿ ಕೂರಬೇಕು, ಅವ್ವನ ಬಾಯಲ್ಲಿ ಒಮ್ಮೆ ತನ್ನ ಹೆಸರು ಕೇಳಬೇಕು. ಶಿವಲೀಲಾಗೆ ಬೇಕಾಗಿದ್ದದ್ದು ಅಷ್ಟೇ.

ಅಡ್ಡ ನಿಂತದ್ದು ರವಿಕೆಗಾಗುವಷ್ಟು ಬಟ್ಟೆ, ಒಂದು ಜಂಪರ್ ಪೀಸು. ಅಣ್ಣ ಸಂಜೀವನ ಗೃಹಪ್ರವೇಶದಲ್ಲಿ ಅವನ ಹೆಂಡತಿಯ ತಾಯಿಗೆ ಸೀರೆ ಉಡಿಸಿ, ತಿಪ್ಪೇರುದ್ರಮ್ಮನ ಕೈಗೆ ಬರೀ ಜಂಪರ್ ಪೀಸು ಇಟ್ಟಿದ್ದರು. ತಿಪ್ಪೇರುದ್ರಮ್ಮ ಅದನ್ನು ಅಲ್ಲೇ ಬುಟ್ಟಿಯಲ್ಲಿ ಬಿಟ್ಟು ಬಂದಳು. ಸಂಜೀವ, "ನಾ ಆ ಹೊಸ್ತಿಲು ತುಳಿಯಂಗಿಲ್ಲ" ಎಂದ. ಅತ್ತೆ, "ತವರಿನೋರು ಬಂದು ಕರೆಯೋ ತನಕ ಸೊಸಿ ಕಳಸಂಗಿಲ್ಲ" ಎಂದಳು. ಕರೆಯಲು ಬರದೆ ಹೆಣ್ಣುಮಗಳು ತವರಿಗೆ ಹೋಗುವುದು ಮರ್ಯಾದೆಯಲ್ಲ ಎಂಬುದು ಹಿಂದಿನಿಂದ ನಡೆದು ಬಂದದ್ದು. ಇಬ್ಬರ ಮರ್ಯಾದೆಯೂ ಭದ್ರವಾಗಿ ಉಳಿಯಿತು.

"ರೀ, ನೀವಾದ್ರೂ ಒಂದು ಮಾತು ಹೇಳ್ರಿ," ಎಂದು ಶಿವಲೀಲಾ ಗಂಡನನ್ನು ಕೇಳಿದಳು.

"ನಾ ಬ್ಯಾಡ ಅಂದೀನೇನು? ಅವ್ವನ್ನ ಕೇಳು."

"ಅತ್ತಿ ಬ್ಯಾಡ ಅಂತಾರ."

"ಹಂಗಾರ ನಾ ಏನ್ ಹೇಳ್ಲಿ? ಹೋಗು ಅಂದ್ರ ಅಕಿ ಊಟ ಬಿಡ್ತಾಳ. ಹೋಗಬ್ಯಾಡ ಅಂದ್ರ ನೀ ಮಾತು ಬಿಡ್ತಿ. ನನಗ ಎಣ್ಣಿ ಕಾದೈತಿ," ಎಂದು ಜಂಬುನಾಥ ಅಂಗಡಿಗೆ ಓಡಿದ. ಮಿರ್ಚಿ ಕರಿಯುವ ಎಣ್ಣೆಗಿಂತ ಮನೆಯೊಳಗಿನ ಎಣ್ಣೆ ಹೆಚ್ಚು ಕಾದಿರುತ್ತದೆ ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು.

ಆಗ ಶಿವಲೀಲಾಗೆ ಹೊಳೆಯಿತು: ಬರೆಯುವವರು ಕೊಡದಿದ್ದರೇನು, ಪಾಲವ್ವನಿಗೆ ತವರನ್ನು ತಾನೇ ಕೊಟ್ಟರಾಯಿತು.

ಆ ಶನಿವಾರ ಪಾಲವ್ವ ಫೋನ್ ನೋಡಿ ಕಣ್ಣೀರು ಹಾಕಿದಳು. ಕೆಳಗಿದ್ದ ಇಂಗ್ಲಿಷಿನ ಪ್ರಕಾರ ನಾಯಕ ಬೇರೊಬ್ಬಳ ಜೊತೆ ಊಟಕ್ಕೆ ಹೋಗಿದ್ದ. ಶಿವಲೀಲಾಳ ಕನ್ನಡದ ಪ್ರಕಾರ ಊರಲ್ಲಿ ಅವಳ ಅವ್ವನಿಗೆ ಮರೆವಿನ ರೋಗ; ಮುತ್ತಿನ ಸರದ ಅತ್ತೆ ನೋಡಲು ಕಳಿಸುತ್ತಿಲ್ಲ.

"ಅಕಿಗೆ ಮದ್ವಿ ಯಾವಾಗಾತು?" ಅತ್ತೆ ಬೆಚ್ಚಿಬಿದ್ದು ಕೇಳಿದಳು.

"ಹೋದ ವಾರ ನೀವು ತೂಕಡಿಸ್ತಿದ್ರಿ ಅತ್ತಿ, ಆವಾಗ."

"ಮತ್ತ ಗ್ವಾಡಿ ಮ್ಯಾಗಿನ ಫೋಟೋ ಅವರವ್ವಂದ ಅಲ್ಲೇನು? ಮುಂದ ಊದಿನಕಡ್ಡಿ ಹಚ್ಚ್ಯಾರ!"

"ಅವರ ದೇಶದಾಗ ಬದುಕಿದ್ದೋರಿಗೂ ಹಚ್ತಾರ್ರಿ."

"ಛಲೋ ಪದ್ಧತಿ," ಎಂದಳು ತಿಪ್ಪೇರುದ್ರಮ್ಮ. "ಸತ್ತ ಮ್ಯಾಲೆ ಹಚ್ಚಿದ್ರ ವಾಸನಿ ಯಾರಿಗೆ ಬರ್ತೈತಿ?"

ಸುಳ್ಳಿಗೆ ಒಂದು ಸೌಕರ್ಯವಿದೆ, ಅದು ಒಬ್ಬಂಟಿಯಾಗಿ ಇರುವುದಿಲ್ಲ. ಬಂಧುಬಳಗ ಕಟ್ಟಿಕೊಂಡೇ ಬರುತ್ತದೆ. ಮುಂದಿನ ವಾರ ನಾಯಕ ಸಮುದ್ರದ ದಂಡೆಯಲ್ಲಿ ಮಂಡಿಯೂರಿ ಉಂಗುರ ಚಾಚಿದ. ಮದುವೆಯಾದವಳಿಗೆ ಮತ್ತೇಕೆ ಉಂಗುರ ಎಂದು ಅತ್ತೆ ಕೇಳಿದಾಗ, "ಅಡವಿಟ್ಟಿದ್ದನ್ನ ಬಿಡಿಸ್ಕೊಂಡು ಬಂದಾನ್ರಿ, ಅದಕ್ಕ ಮಂಡಿ ಊರಿ ತಪ್ಪಾತು ಅಂತಾನ," ಎಂದಳು ಶಿವಲೀಲಾ. ಅಂದು ಮೈ ಹುಷಾರಿಲ್ಲವೆಂದು ಮನೆಯಲ್ಲೇ ಇದ್ದ ಜಂಬುನಾಥ ಟೀವಿಯ ಅಕ್ಷರವನ್ನು ಕಷ್ಟಪಟ್ಟು ಕೂಡಿಸಿ ಓದಿ, "ಅಲ್ಲಲೇ, ಇಲ್ಲಿ ನನ್ನ ಮದ್ವಿ ಆಗ್ತಿಯೇನು ಅಂತ..." ಎಂದು ಶುರುಮಾಡಿದ. ಹೆಂಡತಿಯ ಕಣ್ಣು ನೋಡಿ, "ನನಗ ಇಂಗ್ಲಿಷ್ ಬರಂಗಿಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಅತ್ತೆಯ ಮೇಲೆ ಪರಿಣಾಮವೇನೋ ಆಗುತ್ತಿತ್ತು. ಪಾಲವ್ವ ಅತ್ತರೆ ಇವಳೂ ಸೆರಗು ಒದ್ದೆ ಮಾಡಿಕೊಳ್ಳುವಳು. ಮುತ್ತಿನ ಸರದವಳು ಪರದೆಗೆ ಬಂದರೆ ಸಾಕು, "ಬಂದ್ಲು ನೋಡು ರಾಕ್ಷಸಿ! ಹೆತ್ತಾಕಿ ಮಾರಿ ನೋಡಾಕ ಬಿಡವಲ್ಲಿ, ನಿನ್ನ ಮುತ್ತು ಉದುರ್ಲಿ!" ಎಂದು ನಟಿಕೆ ಮುರಿಯುವಳು. ಶಿವಲೀಲಾ ಪ್ರತಿ ಸಲವೂ ಉಸಿರು ಹಿಡಿದು ಕಾಯುವಳು. ಈಗ ತಿರುಗಿ ನೋಡುತ್ತಾಳೆ, ಈಗ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಅತ್ತೆ ತಿರುಗಿ ನೋಡುವುದು ನಿಜ. "ಚಾ ಇಡು," ಎನ್ನುವುದಕ್ಕೆ.

ಕೊನೆಗೆ ಒಂದು ಶನಿವಾರ ಪಾಲವ್ವ ಸೂಟ್‌ಕೇಸು ಹಿಡಿದು ದೊಡ್ಡ ಮನೆಯ ಮೆಟ್ಟಿಲಿಳಿದು ಬಂದು ಮುತ್ತಿನ ಸರದವಳ ಎದುರು ನಿಂತಳು. ನಿಜವಾಗಿ ಅವಳು ನಾಯಕನನ್ನು ಬಿಟ್ಟು ಹೊರಟಿದ್ದಳು. ಶಿವಲೀಲಾ ಕೆಳಗಿನ ಅಕ್ಷರದ ಕಡೆ ನೋಡಲೇ ಇಲ್ಲ.

"ಅತ್ತೀ," ಎಂದು ಅವಳು ಶುರುಮಾಡಿದಳು, "ನಾ ನಿಮ್ಮ ಮಾತು ಮೀರಿದಾಕಿ ಅಲ್ಲ. ಆದ್ರ ನಮ್ಮವ್ವ ದಿನಾ ಒಂದೊಂದು ಮರೀತಾಳ. ನನ್ನ ಹೆಸ್ರು ಮರಿಯೋದ್ರೊಳಗ ಅಕಿ ಮುಂದ ಹೋಗಿ ಕುಂದರಬೇಕು. ಆಮ್ಯಾಲೆ ಅಣ್ಣ ಕರೆಯಾಕ ಬಂದ್ರೂ ನಾ ಯಾರ ಮನಿಗೆ ಹೋಗ್ಲಿ? ಅಲ್ಲಿರೋ ಅವ್ವಗ ನಾ ಮಗಳ ಅಲ್ಲ ಅಂದಮ್ಯಾಲೆ ಅದು ತವರು ಹೆಂಗ ಆಗ್ತೈತಿ?"

ಪಾಲವ್ವನ ತುಟಿ ನಿಂತು ಎಷ್ಟೋ ಹೊತ್ತಾಗಿತ್ತು. ಶಿವಲೀಲಾ ಇನ್ನೂ ಮಾತಾಡುತ್ತಲೇ ಇದ್ದಳು. ತಿಪ್ಪೇರುದ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಮೈ ಅಲುಗುವಂತೆ ಅಳುತ್ತಿದ್ದಳು. ಸೊಸೆಗೆ ಅತ್ತೆಯ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

"ಬಂದ್ ಮಾಡು," ಎಂದಳು ಮುದುಕಿ. ಸ್ವಲ್ಪ ಸುಧಾರಿಸಿಕೊಂಡು, "ರೊಟ್ಟಿ ಬಡಿ. ಬ್ಯಾಗ್ ಕೆಳಗ ಇಳಸು. ತವರಿಗೆ ಹೋಗಾಕ ಕರೆಯೋರು ಯಾಕ ಬೇಕು? ನಾಳಿ ಮುಂಜಾನಿ ಬಸ್ಸಿಗೆ ಹೋಗಿಬಿಡೋದು."

ಶಿವಲೀಲಾ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದಳು. ಕಟಕ ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಅವ್ವನಿಗೆ ಹಲ್ಲಿಲ್ಲವೆಂದು ನಾಲ್ಕು ಮೆತ್ತನೆ ಹೋಳಿಗೆಯನ್ನೂ ಮಾಡಿದಳು. ಸುದ್ದಿ ಕೇಳಿದ ಜಂಬುನಾಥ ಗೆದ್ದವನಂತೆ ನಕ್ಕು ಹಿರೇಹಡಗಲಿಯ ತನ್ನ ಅತ್ತೆಗೆಂದು ಬಾಳೆಹಣ್ಣು ತಂದಿಟ್ಟ.

ಬೆಳಿಗ್ಗೆ ಶಿವಲೀಲಾ ಸೀರೆ ಬದಲಿಸಿ ಪಡಸಾಲೆಗೆ ಬಂದರೆ, ಅಲ್ಲಿ ತಿಪ್ಪೇರುದ್ರಮ್ಮ ತಲೆಗೆ ಎಣ್ಣೆ ಹಚ್ಚಿ, ಮದುವೆ ಮುಂಜಿಗೆಂದು ಇಟ್ಟ ಹಸಿರು ಇಳಕಲ್ ಸೀರೆ ಉಟ್ಟು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಎಲ್ಲಿಗೆ ಹೊಂಟೀರಿ ಅತ್ತಿ?"

"ಎಲ್ಲಿಗೆ ಅಂದ್ರ? ಹಲವಾಗಲಿಗೆ. ನನ್ನ ತವರಿಗೆ. ನಿನ್ನೆ ಹೇಳ್ಲಿಲ್ಲೇನು?"

ಶಿವಲೀಲಾ ಕಂಬ ಹಿಡಿದು ನಿಂತಳು. ಮುದುಕಿ ಅವಳ ಮುಖ ನೋಡಲಿಲ್ಲ, ಬ್ಯಾಗಿನ ಹಿಡಿಕೆ ಸವರುತ್ತಾ ಹೇಳತೊಡಗಿದಳು.

"ನಮ್ಮವ್ವ ಸಾಯೋ ಮುಂದ ನಮ್ಮಣ್ಣ ತಾನು ಬರಲಿಲ್ಲ, ಸಂತಿಗೆ ಬಂದೋರ ಕೈಯಾಗ ಹೇಳಿ ಕಳಿಸಿದ್ದ. ನಮ್ಮತ್ತಿ, ಸಂತಿ ಸುದ್ದಿಗೆಲ್ಲ ಸೊಸಿ ಕಳಸಂಗಿಲ್ಲ, ಮನಿಯೋರು ಬಂದು ಕರೀಲಿ ಅಂದ್ಲು. ನಾ ಮುಟ್ಟೋದ್ರಾಗ ಮಣ್ಣಾಗಿತ್ತು. ಹೊಳಿ ದಂಡ್ಯಾಗ ಕುಂತು ಅತ್ತು ಬಂದಾಕಿ, ಮತ್ತ ಆ ಊರು ತುಳದಿಲ್ಲ. ಪಾಲವ್ವ ಅತ್ತಾಗೆಲ್ಲ ನಾನ ಅತ್ತಂಗ ಆಗ್ತಿತ್ತು ನೋಡು. ಆ ಮುತ್ತಿನ ಸರದಾಕಿ ಥೇಟ್ ನಮ್ಮತ್ತಿ! ಅಷ್ಟು ಸಣ್ಣ ಹುಡುಗಿಗೆ ಧೈರ್ಯ ಬಂತು, ನನಗ ಇಷ್ಟು ವಯಸ್ಸಾದ್ರೂ ಬರಬ್ಯಾಡೇನು?"

ಇಷ್ಟು ವಾರ ಶಿವಲೀಲಾ ಅಳತೆ ಮಾಡಿ ಪೋಣಿಸಿದ ಮುತ್ತಿನ ಸರವನ್ನು ಅತ್ತೆ ಕೊರಳಿಗೆ ಹಾಕಿಕೊಂಡೇ ಇರಲಿಲ್ಲ. ನೇರವಾಗಿ ಹೋಗಿ ಪಾಲವ್ವನ ಜಾಗದಲ್ಲಿ ಕೂತಿದ್ದಳು. ಕೂರದೆ ಏನು? ಕಥೆ ನೋಡುವವರು ಯಾರಾದರೂ ರಾಕ್ಷಸಿಯ ಕುರ್ಚಿ ಹುಡುಕಿಕೊಂಡು ಹೋಗುತ್ತಾರೆಯೇ? ಶಿವಲೀಲಾ ಕೂತದ್ದೂ ಅದೇ ಜಾಗದಲ್ಲಿ. ಒಬ್ಬಳಿಗೆಂದು ಮಾಡಿದ ಜಾಗದಲ್ಲಿ ಇಬ್ಬರೂ ಒತ್ತರಿಸಿಕೊಂಡು ಕೂತು ಇಷ್ಟು ದಿನ ಬೇರೆ ಬೇರೆ ಅವ್ವಂದಿರಿಗಾಗಿ ಅತ್ತಿದ್ದರು. ಸೊಸೆಗೆ ಸಿಟ್ಟು ಬಂತು, ಅದರ ಹಿಂದೆಯೇ ಆ ಎಣ್ಣೆ ಹಚ್ಚಿದ ಬಿಳಿ ತಲೆಯನ್ನು ನೋಡಿ ಸಂಕಟವೂ ಬಂತು.

ಆದರೂ ಬಿಡದೆ ಕೇಳಿದಳು. "ಅತ್ತಿ, ಹಂಗಾರ ನಾನೂ ಹಿರೇಹಡಗಲಿಗೆ..."

"ನೀನೂ ಹೋದ್ರ ಎಮ್ಮಿ ಯಾರು ಹಿಂಡಬೇಕು? ನಿಮ್ಮಣ್ಣ ಬಂದು ಕರೀಲಿ, ನಾ ಬ್ಯಾಡ ಅಂತೀನೇನು?" ಎಂದ ತಿಪ್ಪೇರುದ್ರಮ್ಮ ರೊಟ್ಟಿಯ ಗಂಟು, ಹೋಳಿಗೆ, ಬಾಳೆಹಣ್ಣು ಎಲ್ಲವನ್ನೂ ಬ್ಯಾಗಿಗೆ ಇಳಿಸಿದಳು. "ಯವ್ವಾ, ಎಷ್ಟು ಮಾಡೀದಿ! ತವರಿಗೆ ಬರಿಗೈಲೆ ಹೋಗಬಾರ್ದು ಅಂತ ನಿನಗಾದ್ರೂ ತಿಳೀತಲ್ಲ."

ಜಂಬುನಾಥ ತಾಯಿಯನ್ನು ಹರಪನಹಳ್ಳಿ ಬಸ್ಸಿಗೆ ಹತ್ತಿಸಿ ಬಂದ. ಹೆಂಡತಿಯ ಮುಂದೆ ನಿಂತು ಏನೋ ಹೇಳಲು ಬಾಯಿ ತೆರೆದು, ಎಣ್ಣೆ ಕಾದಿದೆ ಎಂದು ನೆನಪಿಸಿಕೊಂಡು ಹೊರಟುಹೋದ.

ಆ ವಾರ ಶಿವಲೀಲಾ ಹಿರೇಹಡಗಲಿಗೆ ಫೋನ್ ಮಾಡಿದಳು. ಸಂಜೀವ ಫೋನನ್ನು ಅವ್ವನ ಕಿವಿಗೆ ಹಿಡಿದ. ಅವ್ವ ಬಹಳ ಮರ್ಯಾದೆಯಿಂದ ಮಾತಾಡಿದಳು. "ಯಾರ್ರಿ? ಆರಾಮದೀರೇನ್ರಿ? ಊಟ ಆತೇನ್ರಿ?" ಹೆತ್ತ ಮಗಳಿಗೆ ಇಷ್ಟೊಂದು ರಿ! ಶಿವಲೀಲಾ "ಆತ್ರಿ" ಎಂದಳು. ಫೋನ್ ಇಟ್ಟು ಅಡುಗೆಮನೆಯ ಬಾಗಿಲು ಹಾಕಿಕೊಂಡು ಜೋರಾಗಿ ಅತ್ತಳು. ಯಾವ ಕ್ರೀಮೂ ಹಚ್ಚಿಕೊಳ್ಳಲಿಲ್ಲ.

ಶನಿವಾರ ಮಧ್ಯಾಹ್ನ ಹಲವಾಗಲಿನಿಂದ ಅತ್ತೆಯ ಫೋನ್ ಬಂತು. ದನಿಯಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಲೇ ಶಿವಲೀಲಾ, ಅವ್ವ ರೊಟ್ಟಿ ಬಡೀತಿದ್ದ ಒಲಿ ಜಾಗ ಹಂಗ ಐತಿ. ನನ್ನ ಕಂಡು ಅಣ್ಣನ ಮಕ್ಕಳು ಬಿಡವಲ್ರು. ಇನ್ನೊಂದು ವಾರ ಇದ್ದು ಬರ್ತೀನಿ. ಅದಿರ್ಲಿ, ಪಾಲವ್ವ ಊರಿಗೆ ಮುಟ್ಟಿದ್ಲೇನು? ಅವರವ್ವ ಗುರ್ತ ಹಿಡಿದ್ಲಾ?"

ಶಿವಲೀಲಾ ಟೀವಿ ಹಚ್ಚಿಯೇ ಇರಲಿಲ್ಲ. "ಇನ್ನೂ ಹೋಗಿಲ್ರಿ ಅತ್ತಿ," ಎಂದಳು.

"ಯಾಕ? ಬ್ಯಾಗ್ ಹಿಡಕೊಂಡು ಹೊಂಟಿದ್ಲಲ್ಲ! ಯಾವ ಪಾಪಿ ತಡದಾನ ಅಕಿನ್ನ?"

"ಎಮ್ಮಿ ಹಿಂಡೋರು ಯಾರೂ ಇರಲಿಲ್ಲಂತ್ರಿ."

ಶಿವಲೀಲಾ ಫೋನನ್ನು ಕಿವಿಗೆ ಒತ್ತಿಕೊಂಡು ಕಾದಳು.

"ಅಯ್ಯ ಶಿವನ! ಅಷ್ಟು ದೊಡ್ಡ ಮನ್ಯಾಗ ಎಮ್ಮೀನೂ ಕಟ್ಟ್ಯಾರೇನು? ಒಂದಿನಾನೂ ತೋರಿಸ್ಲಿಲ್ಲಲ್ಲ!" ಎಂದಳು ತಿಪ್ಪೇರುದ್ರಮ್ಮ. "ಎಮ್ಮಿ ಅಂದಿದ್ದಕ್ಕ ನೆನಪಾತು ನೋಡು. ನಮ್ಮದಕ್ಕ ಹಿಂಡಿ ಹಾಕಿದ್ಯಾ?"