ಅಧಿಕ ಮಾಸಕ್ಕೆ ಹೋದ ಸಕ್ಕರೆ ಅಳಿಯ

ನನಗೆ ಸಕ್ಕರೆ ಕಾಯಿಲೆ ಬಂದಿದೆ ಎಂದು ಜಮಖಂಡಿಯ ನಮ್ಮ ಡಾಕ್ಟರು ಹೇಳಿದಾಗ ನಾನು ಎಳ್ಳಷ್ಟೂ ಹೆದರಲಿಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು ನಾನು. ಜ್ವಾಲಾಮುಖಿ, ಭೂಕಂಪ, ಚಂಡಮಾರುತಗಳನ್ನು ಕುರ್ಚಿಯ ಮೇಲೆ ಕೂತೇ ನಿಭಾಯಿಸಿದವನಿಗೆ ಚಿಟಿಕೆ ಸಕ್ಕರೆ ಯಾವ ಲೆಕ್ಕ?

"ಮುಂಜಾನೆ ಒಂದು ಗುಳಿಗಿ ತಗೋರಿ, ದಿನಾ ನಡೀರಿ, ಸಿಹಿ ಬಿಡ್ರಿ. ಶಾಲಿ ಸೂಟಿ ಮುಗಿದ ಮ್ಯಾಲ ಮತ್ತ ರಕ್ತ ನೋಡೂಣು. ಇಳಿದಿಲ್ಲಂದ್ರ ಸೂಜೀನ ಗತಿ. ದಿನಾ ಚುಚ್ಚಿಕೋಬೇಕಾಕ್ಕತಿ" ಎಂದರು ಡಾಕ್ಟರು.

ಸೂಜಿ! ಕಾಲರಾ ಸೂಜಿ ಹಾಕಲು ಮಂದಿ ಶಾಲೆಗೆ ಬಂದಾಗ, ಮಕ್ಕಳಿಗೆಲ್ಲ ಧೈರ್ಯದ ಬಗ್ಗೆ ಉಪನ್ಯಾಸ ಕೊಟ್ಟು ಸಾಲಾಗಿ ನಿಲ್ಲಿಸಿ, ಆಮೇಲೆ ನಕಾಶೆಗಳ ಕೋಣೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂತವನು ನಾನು. ಡಾಕ್ಟರು ಆಮೇಲೂ ಬಹಳ ಹೊತ್ತು ಮಾತಾಡಿದರು. ಅನ್ನ, ಬಟಾಟೆ, ಹೊತ್ತಿಗೆ ಸರಿಯಾಗಿ ಊಟ ಎಂದೇನೇನೋ ಹೇಳಿದಂತೆ ನೆನಪು. ಅವರ ತುಟಿ ಅಲುಗುವುದು ಕಾಣುತ್ತಿತ್ತು. ಕಿವಿಯಲ್ಲಿ ಮಾತ್ರ ಸೂಜಿ, ಸೂಜಿ, ಸೂಜಿ! ಹೀಗಾಗಿ ಆ ಅಮೂಲ್ಯ ಉಪದೇಶದಲ್ಲಿ ನನ್ನ ತಲೆಗೆ ಹೋದದ್ದು ಮೂರೇ: ಗುಳಿಗೆ, ನಡಿಗೆ, ಸಿಹಿ ಬಿಡುವುದು.

ಮರುದಿನವೇ ವಾಯುವಿಹಾರ ಆರಂಭವಾಯಿತು. ಕ್ಯಾನ್ವಾಸ್ ಬೂಟು, ಮಫ್ಲರು, ಕೈಯಲ್ಲಿ ಬೆತ್ತ. ಓಣಿಯ ತಿರುವಿನಲ್ಲಿ ನೂಲಿನ ವ್ಯಾಪಾರಿ ಶಿವಪ್ಪ ಸಿಕ್ಕರು.

"ಮಾಸ್ತರ್ರ, ಯಾ ಊರಿಗೆ ಹೊಂಟೀರಿ?"

"ಊರಿಗಲ್ಲರೀ. ನಡೀಲಿಕ್ಕೆ ಹೊಂಟೀನಿ. ಆರೋಗ್ಯಕ್ಕ."

"ಬರೇ ನಡ್ಯಾಕ? ಅಯ್ಯ, ಒಬ್ರ ಯಾಕ ನಡೀತೀರಿ, ನಾನೂ ಬರ್ತೀನಿ ನಡೀರಿ!"

ಶಿವಪ್ಪನವರ ಜೊತೆಗಿನ ನಡಿಗೆ ಬಸ್‌ಸ್ಟ್ಯಾಂಡಿನ ಮಿರ್ಚಿ ಭಜಿಯ ಅಂಗಡಿಯವರೆಗೆ ಸಾಗಿ, ಅಲ್ಲಿ ಕೂತು, ಅಲ್ಲಿಂದ ಹಿಂದಿರುಗಿತು. ಭಜಿ ಸಿಹಿಯಲ್ಲ. ಖಾರ! ನಾನು ಡಾಕ್ಟರ ಮಾತು ಮೀರುವವನೇ ಅಲ್ಲ. ದಿನವೂ ಹೀಗೇ ನಡೆದೆವು. ಮನೆಗೆ ಬಂದರೆ ನನ್ನ ಹೆಂಡತಿ ಸುಮತಿ ಬಾಗಿಲಲ್ಲೇ ನಿಂತು ಮೂಗು ಅರಳಿಸಿ ನನ್ನ ಮಫ್ಲರಿನ ವಾಸನೆ ನೋಡುತ್ತಿದ್ದಳು. "ಆರೋಗ್ಯದ್ದು ಘಮಾ ಭಾಳ ಛಲೋ ಬರ್ಲಿಕ್ಕತ್ತದ" ಎಂದು ಒಳಗೆ ಹೋಗುತ್ತಿದ್ದಳು.

ಇಷ್ಟರಲ್ಲಿ ಬೇಸಿಗೆಯ ಸೂಟಿ ಬಂತು. ಅದರ ಬೆನ್ನಿಗೇ ಅಧಿಕ ಮಾಸವೂ ಬಂತು. ನಮ್ಮ ಮಂದಿಯಲ್ಲಿ ಅಧಿಕ ಮಾಸವೆಂದರೆ ಅಳಿಯನ ಹಬ್ಬ. ಅತ್ತೆಯ ಮನೆಗೆ ಕರೆಸಿ, ಮಣೆಯ ಮೇಲೆ ಕೂರಿಸಿ, ಕಂಚಿನ ಹರಿವಾಣದಲ್ಲಿ ಮೂವತ್ತಮೂರು ಅನಾರಸ ಇಟ್ಟು, ಮೇಲೊಂದು ತುಪ್ಪದ ದೀಪ ಹಚ್ಚಿ ವಾಣ ಎಂಬ ದಾನ ಕೊಡುತ್ತಾರೆ. ಬೆಲ್ಲ, ಅಕ್ಕಿಹಿಟ್ಟು, ಗಸಗಸೆ ಕೂಡಿಸಿ ತುಪ್ಪದಲ್ಲಿ ಕರಿದ, ಜಾಳಿ ಜಾಳಿಯಾದ ಅನಾರಸ. ಮುಧೋಳದಿಂದ ಅತ್ತೆಯ ಕರೆ ಬಂದೇ ಬಿಟ್ಟಿತು.

"ಹೋಗೂಣು. ಆದ್ರ ಆಯಿಗೆ ಖರೆ ಹೇಳಿಬಿಡ್ರಿ, ನಿಮಗ ಸಕ್ರಿ ಅದ ಅಂತ" ಎಂದಳು ಸುಮತಿ. ಆಯಿ ಎಂದರೆ ಅವಳ ತಾಯಿ.

"ಹುಚ್ಚಿಯೇನು? ನಿಮ್ಮ ಕಾಕಾನ ಗತಿ ಮರತ್ಯಾ?"

ಸುಮತಿಯ ಕಾಕಾನಿಗೆ ಈ ಕಾಯಿಲೆ ಬಂದದ್ದೇ ತಡ, ಮುಧೋಳದ ಆ ಓಣಿ ಅವರ ಹೆಸರನ್ನೇ ಮರೆತು 'ಸಕ್ರಿ ಕಾಕಾ' ಎನ್ನತೊಡಗಿತ್ತು. ಪಂಕ್ತಿಯಲ್ಲಿ ಎಲ್ಲರಿಗೂ ಹೋಳಿಗೆ ಬಡಿಸುವಾಗ ಅವರ ಎಲೆ ಬಂದರೆ ಬಡಿಸುವವರು "ಪಾಪ" ಎಂದು ದಾಟಿ ಹೋಗುತ್ತಿದ್ದರು. ಬಂದವರೆಲ್ಲ ಹಾಗಲಕಾಯಿ ರಸದ ಗುಣಗಾನ ಮಾಡಿ ಹೋಗುತ್ತಿದ್ದರು. ನಾನು ಸಕ್ರಿ ಅಳಿಯ ಆಗಬೇಕೇ? ಸಾಧ್ಯವಿಲ್ಲ! ಆದರೆ ಅನಾರಸ ತಿಂದರೆ ಸೂಜಿ. ತಿನ್ನದಿದ್ದರೆ ಪಾಪ ಎನಿಸಿಕೊಳ್ಳಬೇಕು. ಇವೆರಡರ ನಡುವಿನಿಂದ ಪಾರಾಗಲು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಯೋಚಿಸುತ್ತಾ ಹೋದೆ. ಮುಧೋಳ ಬರುವಷ್ಟರಲ್ಲಿ ಉಪಾಯ ಹೊಳೆದಿತ್ತು.

ನಮ್ಮ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಹಳೆಯ ಕಾಲದವರು. ಅಳಿಯನ ಎದುರು ಸೆರಗು ಸರಿ ಮಾಡಿಕೊಂಡು ಅಡುಗೆಮನೆಯ ಬಾಗಿಲ ಮರೆಗೆ ನಿಲ್ಲುವವರು. ಮದುವೆಯಾದಂದಿನಿಂದ ನನ್ನ ಜೊತೆ ನೇರವಾಗಿ ಮಾತಾಡಿದವರೇ ಅಲ್ಲ. ಏನಿದ್ದರೂ ಮಗಳ ಮುಖಾಂತರ. ನಾನು ಎದುರಿಗೇ ಕೂತಿದ್ದರೂ ಅಷ್ಟೇ.

"ಸುಮಿ, ಅವರಿಗೆ ಹೇಳು, ಕಾಲು ತೊಳಕೊಂಡು ಬರ್ಲಿ. ಶೇಂಗಾ ಉಂಡಿ ಕಟ್ಟೀನಿ."

ನಾನು ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ ಘೋಷಿಸಿದೆ: "ಈ ಅಧಿಕ ಮಾಸದಾಗ ನಾನು ವ್ರತಾ ಹಿಡಿದೀನಿ. ತಿಂಗಳು ಪೂರ್ತಿ ಸಿಹಿ ಬಿಟ್ಟೀನಿ."

ಬಾಗಿಲ ಮರೆಯಲ್ಲಿ ಬಳೆಗಳ ಸದ್ದು ನಿಂತಿತು. ಸುಮತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ. ಅತ್ತೆಯ ಕಣ್ಣಲ್ಲಿ ಮಾತ್ರ ನೀರಾಡಿತು. "ಸುಮಿ, ನೀ ಪುಣ್ಯಾ ಮಾಡಿದ್ದಿ! ಇಂಥಾ ಕಾಲದಾಗ ಇಂಥಾ ವ್ರತಾ ಯಾರು ಮಾಡ್ತಾರ?" ಎಂದರು. ಅಧಿಕ ಮಾಸದಲ್ಲಿ ಏನಾದರೊಂದು ಬಿಡುವುದು ನಮ್ಮಲ್ಲಿ ಇದ್ದದ್ದೇ. ಒಬ್ಬರು ಬದನೆಕಾಯಿ ಬಿಡುತ್ತಾರೆ, ಇನ್ನೊಬ್ಬರು ಎಲೆ ಅಡಿಕೆ ಬಿಡುತ್ತಾರೆ. ಗಂಡಸೊಬ್ಬ ಅತ್ತೆಯ ಮನೆಯಲ್ಲಿ ಸಿಹಿ ಬಿಟ್ಟದ್ದು ಮುಧೋಳದ ಇತಿಹಾಸದಲ್ಲಿ ಅದೇ ಮೊದಲು!

ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಎಂದುಕೊಂಡೆ. ಆದರೆ ಸಿಹಿ ತಿನ್ನದ ಅಳಿಯನನ್ನು ಹೊಟ್ಟೆ ತುಂಬಿಸದೆ ಬಿಡುವ ಅತ್ತೆ ಅಲ್ಲ ಅವರು. ಅಂದು ಏಕಾದಶಿ ಬೇರೆ. ತಟ್ಟೆಯ ತುಂಬ ಸಾಬೂದಾನಿ ಖಿಚಡಿ ಬಂತು. ಬಟಾಟೆಯ ಪಲ್ಯ ಬಂತು. ಬೇಯಿಸಿದ ಗೆಣಸು ಬಂತು. ಬಾಳೆಹಣ್ಣಿನ ಚಿಪ್ಪು, ಚಿಕ್ಕು, ಮಾವಿನಹಣ್ಣಿನ ಬುಟ್ಟಿ ಬಂದವು. ನಾನು ಪ್ರತಿಯೊಂದನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಿದೆ. ಸಾಬೂದಾನಿಯಲ್ಲಿ ಸಕ್ಕರೆ ಇದೆಯೇ? ಇಲ್ಲ. ಬಟಾಟೆ? ಇಲ್ಲ. ಮಾವಿನಹಣ್ಣು? ಅದು ಹಣ್ಣು! ಮನುಷ್ಯರು ಮಾಡಿದ ಸಿಹಿ ಬಿಡಿ ಎಂದಿದ್ದಾರೆ ಡಾಕ್ಟರು, ದೇವರು ಮಾಡಿದ್ದನ್ನಲ್ಲ.

"ರೀ, ಸಾವಕಾಶ" ಎಂದು ಸುಮತಿ ಪಿಸುಗುಟ್ಟಿದಳು.

"ಸಿಹಿ ಮುಟ್ಟೀನೇನು?" ಎಂದು ನಾನು ನಾಲ್ಕನೆಯ ಮಾವಿನಹಣ್ಣಿಗೆ ಕೈ ಹಾಕಿದೆ.

ಮರುದಿನ ಪೂರಿ, ಬಟಾಟೆ ಭಾಜಿ, ವಾಂಗಿಭಾತು. ಸಂಜೆ ಅವಲಕ್ಕಿ. ನಡುನಡುವೆ ಹಣ್ಣು. ಅಷ್ಟರಲ್ಲಿ ನನ್ನ ವ್ರತದ ಕೀರ್ತಿ ಓಣಿಯ ತುಂಬ ಹಬ್ಬಿತ್ತು. ಪಕ್ಕದ ಮನೆಯ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ನಮಸ್ಕಾರ ಮಾಡಿ ಹೋದರು. ನಾನೂ ಸಂಕೋಚವಿಲ್ಲದೆ ಆಶೀರ್ವಾದ ಮಾಡಿದೆ. ಒಬ್ಬಾಕೆ ತನ್ನ ಗಂಡನನ್ನು ಕರೆತಂದು "ಇವರನ್ನ ನೋಡಿ ಕಲೀರಿ" ಎಂದಳು. ಆ ಬಡಪಾಯಿ ನನ್ನತ್ತ ಕೊಲ್ಲುವಂತೆ ನೋಡಿದ.

ಮೂರನೆಯ ದಿನ ವಾಣ. ಬೆಳಿಗ್ಗೆ ಬಚ್ಚಲುಮನೆಯಲ್ಲಿ ಕದ್ದು ಗುಳಿಗೆ ನುಂಗಿದೆ. ಹೊರಗೆ ಬಂದರೆ ಸುಮತಿ ಅವಲಕ್ಕಿಯ ಬಟ್ಟಲು ಹಿಡಿದು ನಿಂತಿದ್ದಳು. "ಗುಳಿಗಿ ಆತಲ್ಲ? ಎರಡು ತುತ್ತು ತಿಂದಬಿಡ್ರಿ. ಭಟ್ರು ಯಾವಾಗ ಬರ್ತಾರೋ ಏನೋ."

ಅಂಗಳದಲ್ಲಿ ನನ್ನ ದರ್ಶನಕ್ಕೆ ಬಂದವರು ಕೂತಿದ್ದರು. ಪೂಜೆಗೆ ಮೊದಲು ವ್ರತಸ್ಥ ಅವಲಕ್ಕಿ ಮುಕ್ಕುವುದೇ? "ಛೇ! ನಿರಾಹಾರ!" ಎಂದು ನಾಲ್ಕು ಮಂದಿಗೆ ಕೇಳುವಂತೆ ಹೇಳಿದೆ. ಅಂಗಳದಿಂದ ಭಕ್ತಿಯ ನಿಟ್ಟುಸಿರು ಕೇಳಿ ಬಂತು.

ಭಟ್ಟರಿಗೆ ಅಂದು ಊರ ತುಂಬ ಅಳಿಯಂದಿರು. ಒಂದೊಂದು ಮನೆ ಮುಗಿಸಿ ನಮ್ಮಲ್ಲಿಗೆ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬಂದವರು ಕೂಡಲೇ ಮಂತ್ರ ಶುರು ಮಾಡಬಾರದೇ? ನನ್ನ ವ್ರತದ ಸುದ್ದಿ ಅವರಿಗೂ ಮುಟ್ಟಿತ್ತು. ನಾಲಿಗೆಯ ಮೇಲಿನ ಹಿಡಿತದ ಬಗ್ಗೆ, ಇಂದ್ರಿಯನಿಗ್ರಹದ ಬಗ್ಗೆ, ನನ್ನನ್ನೇ ತೋರಿಸಿ ತೋರಿಸಿ ಪ್ರವಚನ ಆರಂಭಿಸಿದರು. ನಾನು ಮಣೆಯ ಮೇಲೆ, ಮಡಿ ಉಟ್ಟು, ಮುಗುಳುನಗುತ್ತಾ ಕೂತೆ. ಎದುರಿಗೆ ಹರಿವಾಣ. ಅದರ ತುಂಬ ಅನಾರಸ. ಮೇಲೆ ದೀಪ.

ಮೊದಲು ಬೆವರು ಬಂತು. ಸೆಕೆ ಎಂದುಕೊಂಡೆ. ಆಮೇಲೆ ಕೈ ನಡುಗಿತು. ಭಕ್ತಿ ಎಂದುಕೊಂಡೆ. ಆಮೇಲೆ ಒಂದು ದೀಪ ಎರಡಾಯಿತು, ಭಟ್ಟರೂ ಇಬ್ಬರಾದರು! ಅವರ ಧ್ವನಿ ಎಲ್ಲೋ ಬಾವಿಯೊಳಗಿಂದ ಬಂದಂತೆ ಕೇಳತೊಡಗಿತು. ಹೊಟ್ಟೆಯೊಳಗೆ ಎಂಥದೋ ಹಸಿವು ಎದ್ದು ನಿಂತಿತು. ಅದು ವಿಚಾರ ಮಾಡುವ ಹಸಿವಲ್ಲ. "ನಾಲಿಗೆಯನ್ನು ಗೆದ್ದವನೇ ಜಗತ್ತನ್ನು ಗೆದ್ದ..." ಎಂದು ಭಟ್ಟರು ಕೈ ಎತ್ತಿದ ಹೊತ್ತಿಗೆ ನನ್ನ ಬಲಗೈ, ನನ್ನನ್ನು ಒಂದು ಮಾತೂ ಕೇಳದೆ, ದೀಪದ ಬುಡಕ್ಕೆ ಹೋಯಿತು. ಒಂದು ಅನಾರಸ ಎಳೆಯಿತು. ಬಾಯಿಗಿಟ್ಟಿತು.

ಕರಂ!

ದೀಪ ವಾಲಿ ಆರಿತು. ಭಟ್ಟರ ಕೈ ಎತ್ತಿದಲ್ಲೇ ನಿಂತಿತು. ಹೆಂಡತಿಯಿಂದ ಪಾಠ ಹೇಳಿಸಿಕೊಂಡಿದ್ದ ಆ ಗಂಡ ಮಾತ್ರ ಹಲ್ಲು ಕಿರಿದ.

"ಅಯ್ಯ, ವ್ರತಾ!" ಎಂದು ಯಾರೋ ಕಿರುಚಿದರು. ಬಾಗಿಲ ಮರೆಯಿಂದ ಅತ್ತೆ ಸೆರಗನ್ನೂ ಲೆಕ್ಕಿಸದೆ ಓಡಿ ಬಂದರು. ಬೈಯುತ್ತಾರೆ ಎಂದು ಕಣ್ಣು ಮುಚ್ಚಿದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು.

"ಸುಮಿ, ಇವರು ಗುಳಿಗಿ ತಗೊಂಡು ಉಪವಾಸ ಕೂತಾರೇನು?"

ಸುಮತಿ ಅಳುತ್ತಾ ತಲೆಯಾಡಿಸಿದಳು.

"ಸಕ್ರಿ ಭಾಳ ಇಳಿದದ. ಅವರಿಗೆ ಹೇಳು, ಇನ್ನೊಂದು ತಿನ್ಲಿ. ಲಗೂನ! ನೀ ಹೋಗಿ ಬೆಲ್ಲದ ಪಾನಕ ತಾ!"

ಎರಡನೆಯ ಅನಾರಸಕ್ಕೆ ಭಟ್ಟರು ಮತ್ತೆ ಒಬ್ಬರಾದರು. ಪಾನಕ ಒಳಗಿಳಿದ ಮೇಲೆ ಜಗತ್ತು ತನ್ನ ಜಾಗಕ್ಕೆ ಬಂತು. ಆಗ ಸುಮತಿ ಕೇಳಿದಳು. "ಆಯಿ, ಇವರಿಗೆ ಸಕ್ರಿ ಅದ ಅಂತ ನಿನಗ ಹೆಂಗ ಗೊತ್ತಾತು?"

ಅತ್ತೆ ಸೆರಗು ಎಳೆದುಕೊಂಡು ನೆಲ ನೋಡಿದರು. "ಈ ಬೆವರು, ಈ ನಡುಕ ನನಗ ಗೊತ್ತಿಲ್ಲೇನು? ನಾ ದಿನಾ ಸೂಜಿ ಚುಚ್ಚಿಕೋತೀನಿ. ದೇವರ ಮನಿ ಬಾಗಲಾ ಹಾಕಿಕೊಂಡು. ಮಡಿ ಅಂದ್ರ ಯಾರೂ ಒಳಗ ಬರೂದಿಲ್ಲ."

"ನನಗೂ ಹೇಳಲಿಲ್ಲಲ್ಲ ಆಯಿ!"

"ನಿನಗ ಹೇಳಿದ್ರ ಇವರಿಗೆ ಗೊತ್ತಾಗ್ತಿತ್ತು. ಸಕ್ರಿ ಅತ್ತಿ ಅಂತ ನಕ್ಕಾರು ಅಂತ ಅಂಜಿಕಿ."

ನನಗೆ ನಗು ಬರಲಿಲ್ಲ. ಆ ಹೆಣ್ಣುಮಗಳು ತಾನು ಒಂದು ಚೂರೂ ಬಾಯಿಗೆ ಹಾಕಲಾಗದ ಅನಾರಸವನ್ನು ಬೆಂಕಿಯ ಮುಂದೆ ಕೂತು ನನಗಾಗಿ ಕರಿದಿದ್ದರು. ನನಗೆ ಅಂಜಿ ಅವರು, ಅವರಿಗೆ ಅಂಜಿ ನಾನು, ಒಂದೇ ಸೂರಿನ ಕೆಳಗೆ ಕದ್ದು ಕದ್ದು ಔಷಧ ತೆಗೆದುಕೊಂಡಿದ್ದೆವು. ಅಂದಿನಿಂದ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ. ಭಟ್ಟರು ಮಾತ್ರ ನನ್ನ ಬಗ್ಗೆ ಮುಂದೆ ಎಲ್ಲೂ ಪ್ರವಚನ ಮಾಡಲಿಲ್ಲ.

ಸೂಟಿ ಮುಗಿದು ಜಮಖಂಡಿಗೆ ಬಂದವನೇ ಎದೆಯೆತ್ತಿ ಡಾಕ್ಟರ ಮುಂದೆ ಕೂತೆ. ಎರಡು ಅನಾರಸ, ಒಂದು ಲೋಟ ಪಾನಕ ಬಿಟ್ಟರೆ ತಿಂಗಳೆಲ್ಲ ಸಿಹಿ ಮುಟ್ಟಿಲ್ಲ. ಅವೂ ಔಷಧಿ! ಡಾಕ್ಟರು ರಕ್ತದ ರಿಪೋರ್ಟು ನೋಡಿದರು. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

"ಮಾಸ್ತರ್ರ, ಸಿಹಿ ಬಿಟ್ಟೀರಿ?"

"ಪೂರ್ತಿ ಬಿಟ್ಟೀನ್ರಿ!"

"ಮತ್ತ ಏನು ತಿಂದ್ರಿ?"

ನಾನು ಸಾಬೂದಾನಿಯಿಂದ ಶುರು ಮಾಡಿ ಸಂತೋಷದಿಂದ ಹೇಳುತ್ತಾ ಹೋದೆ. ಗೆಣಸಿಗೆ ಬರುವಷ್ಟರಲ್ಲಿ ಡಾಕ್ಟರು ಪೆನ್ನು ಕೆಳಗಿಟ್ಟರು. ಮಾವಿನಹಣ್ಣಿಗೆ ಬಂದಾಗ ಹಣೆ ಹಿಡಿದುಕೊಂಡರು. ವಾಯುವಿಹಾರದ ಬಗ್ಗೆ ಕೇಳಿದರು. ಅದನ್ನು ಪಕ್ಕದಲ್ಲೇ ಕೂತಿದ್ದ ಸುಮತಿ ಹೇಳಿದಳು, ಭಜಿಯ ಸಮೇತ.

"ಮೊದಲನೆ ದಿನಾನ ಎಲ್ಲಾ ಬಿಡಿಸಿ ಹೇಳಿದ್ದೆ! ನೀವು ಗೋಣು ಹಾಕಿದ್ರಿ!" ಎಂದರು ಡಾಕ್ಟರು. "ಇನ್ನ ಮಾತಿಲ್ಲ. ನಾಳಿಂದ ಸೂಜಿ."

ಕಂಪೌಂಡರನ ಕೈಯಲ್ಲಿ ಚುಚ್ಚಿಸಿಕೊಳ್ಳುವುದಿಲ್ಲ ಎಂದು ನಾನು ಹಟ ಹಿಡಿದೆ. ಸುಮತಿಗೆ ಚುಚ್ಚಲು ಧೈರ್ಯ ಬರಲಿಲ್ಲ. ಸುದ್ದಿ ಮುಧೋಳಕ್ಕೆ ಹೋಯಿತು. ಮರುದಿನ ಮೊದಲ ಬಸ್ಸಿಗೇ ಅತ್ತೆ ಬಂದಿಳಿದರು. ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರೊಳಗೆ ಗಾಜಿನ ಸಿರಿಂಜು. ನಮ್ಮ ಅಡುಗೆಮನೆಗೆ ಹೋಗಿ ಅದನ್ನು ಪಾತೇಲಿಯಲ್ಲಿ ಕುದಿಸಿದರು. ಕಾಫಿ ಕಾಸುವಷ್ಟು ಸಹಜವಾಗಿ!

"ಸುಮಿ, ಅವರಿಗೆ ಹೇಳು, ಅಂಗಿ ತೋಳು ಮ್ಯಾಲ ಮಾಡ್ಲಿ. ಆಕಡೆ ಮಾರಿ ಮಾಡ್ಲಿ."

ಮಾಡಿದೆ. ಎದುರಿನ ಗೋಡೆಯನ್ನು ನೋಡುತ್ತಾ ಸುಮತಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ. ತೋಳಿಗೆ ಏನೋ ತಣ್ಣಗೆ ತಾಗಿತು. ಒಂದು ಕ್ಷಣ ಕಾದೆ. ನೋವೇ ಇಲ್ಲ! ಇಷ್ಟಕ್ಕೇ ನಾನು ಇಷ್ಟು ದಿನ ಅಂಜಿದ್ದೇ? ನನ್ನೊಳಗಿನ ಮಾಸ್ತರ ಎದ್ದು ನಿಂತ.

"ನೋಡು ಸುಮತಿ" ಎಂದೆ, "ಮನಸ್ಸು ಗಟ್ಟಿ ಇದ್ರ ಸೂಜಿ ಚುಚ್ಚಿದ್ದೂ ಗೊತ್ತಾಗೂದಿಲ್ಲ. ಎಲ್ಲಾ ನಿಗ್ರಹದ ಮ್ಯಾಲ ಅದ."

ಹಿಂದಿನಿಂದ ಅತ್ತೆಯ ಮೆಲುದನಿ ಕೇಳಿತು. "ಸುಮಿ, ಅವರಿಗೆ ಹೇಳು, ಇನ್ನೂ ಚುಚ್ಚಿಲ್ಲ. ಸ್ಪಿರಿಟಿನ ಅರಳೆ ಅದು."

ಚುಚ್ಚಿದ್ದು ಆಮೇಲೆ. ನಾನು ಹಾಕಿದ ಕೂಗಿಗೆ ಓಣಿಯವರೆಲ್ಲ ಬಂದು ನೆರೆದರಂತೆ, ಶಿವಪ್ಪನವರು ಮುಖಕ್ಕೆ ನೀರು ಹೊಡೆದರಂತೆ. ಅಂತೆ ಎನ್ನುತ್ತಿದ್ದೇನೆ, ಯಾಕೆಂದರೆ ಆ ಹೊತ್ತಿಗೆ ನನಗೆ ಎಚ್ಚರವಿರಲಿಲ್ಲ.